ಜೇಮ್ಸ್ ಕೊಲ್ಲಿಯ ಕ್ರೀ ಜನರ ತುಪ್ಪುಳುಬೇಟೆಯೂ ಋತುಚರ್ಯೆಯೂ

ಜನಸಮುದಾಯಗಳನ್ನು ಅವುಗಳ ಜೀವನೋಪಾಯವನ್ನು ಹಿಡಿದು ವಿಂಗಡಿಸುವುದು ಮಾನವಶಾಸ್ತ್ರದ ಹಳೆಯ ವಾಡಿಕೆ. ದನಗಾಹಿಗಳು, ಬೆಸ್ತರು, ಕೃಷಿಕರು ಎಂಬ ಹೆಸರುಗಳ ಸಾಲಿನಲ್ಲಿ ಉತ್ತರ ಅಮೆರಿಕದ ಕೆಲವು ಮೂಲನಿವಾಸಿ ಪಂಗಡಗಳಿಗೆ ‘ತುಪ್ಪುಳುಬೇಟೆಗಾರರು’ ಎಂಬ ಹೆಸರು ರೂಢಿಗೆ ಬಂದಿದೆ. ಹೆಸರು ಅನುಕೂಲವಾದದ್ದೇ ಸರಿ. ಆದರೆ ಅದರೊಳಗೊಂದು ತೊಡಕುಂಟು. ದನಗಾಹಿಯು ದನದ ಹಾಲನ್ನು ಕುಡಿಯುತ್ತಾನೆ, ಬೆಸ್ತನು ಮೀನನ್ನು ಉಣ್ಣುತ್ತಾನೆ, ತುಪ್ಪುಳನ್ನಾದರೋ ಯಾರೂ ತಿನ್ನಲಾರರು. ತುಪ್ಪುಳು ದೂರದ ಪೇಟೆಗೆ ಹೋಗತಕ್ಕ ಸರಕು. ಹಾಗಾದರೆ ಆರು ತಿಂಗಳು ಹಿಮ ಮುಚ್ಚಿರುವ ಕಾಡಿನಲ್ಲಿ ಈ ಜನ ಏನನ್ನು ತಿಂದು ಬದುಕಿದರು? ಅನ್ನದ ದುಡಿಮೆಗೂ ಸರಕಿನ ದುಡಿಮೆಗೂ ಅವರ ವರ್ಷದಲ್ಲಿ ಎಷ್ಟೆಷ್ಟು ಪಾಲಿತ್ತು? ಸರಳವಾಗಿ ತೋರುವ ಈ ಪ್ರಶ್ನೆಯನ್ನು ಕೈದೀಪವಾಗಿ ಹಿಡಿದು, ಕೆನಡಾ ದೇಶದ ಜೇಮ್ಸ್ ಕೊಲ್ಲಿಯ ಪೂರ್ವಭಾಗದಲ್ಲಿ ವಾಸಿಸುವ ಕ್ರೀ ಜನರ ಋತುಚರ್ಯೆಯನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಪ್ರಶ್ನೆ ಕೇವಲ ತರಗತಿಯದಲ್ಲ. ಇದಕ್ಕೆ ದೊರೆಯುವ ಉತ್ತರದ ಮೇಲೆ ಆ ಜನರ ನೆಲದ ಹಕ್ಕು ಒಮ್ಮೆ ನ್ಯಾಯಸ್ಥಾನದಲ್ಲಿ ತೂಗಿತ್ತು ಎಂಬುದನ್ನು ಮುಂದೆ ನೋಡಲಿದ್ದೇವೆ.

ಕ್ವಿಬೆಕ್ ಪ್ರಾಂತದ ಉತ್ತರಾರ್ಧದಲ್ಲಿ, ಜೇಮ್ಸ್ ಕೊಲ್ಲಿಯ ದಡದಿಂದ ಒಳನಾಡಿನ ಮಿಸ್ಟಸ್ಸಿನಿ ಸರೋವರದಾಚೆಯವರೆಗೆ ಹಬ್ಬಿರುವ ಈ ಸೀಮೆಯನ್ನು ಅಲ್ಲಿನವರು ‘ಈಯೂ ಇಸ್ಟ್ಚೀ’, ಎಂದರೆ ‘ಜನರ ನಾಡು’, ಎಂದು ಕರೆಯುತ್ತಾರೆ. ಇದರ ವಿಸ್ತೀರ್ಣ ನಾಲ್ಕು ಲಕ್ಷ ಚದರ ಕಿಲೋಮೀಟರುಗಳಿಗೂ ಮಿಗಿಲು. ನಮ್ಮ ಕರ್ನಾಟಕದಂಥ ಎರಡು ರಾಜ್ಯಗಳು ಇದರಲ್ಲಿ ಅಡಗಬಹುದು. ಜನಸಂಖ್ಯೆ ಮಾತ್ರ ನಮ್ಮ ಒಂದು ಸಣ್ಣ ಪಟ್ಟಣದ್ದಕ್ಕಿಂತ ಹೆಚ್ಚಿಲ್ಲ. ಸ್ಪ್ರೂಸ್ ಎಂಬ ಸೂಚಿಪರ್ಣದ ಮರಗಳೂ, ನಮ್ಮ ಪ್ರಾಚೀನರಿಗೆ ಬರೆಯಲು ತೊಗಟೆ ಕೊಟ್ಟ ಭೂರ್ಜದ ಬಂಧುವಾದ ಬರ್ಚ್ ಮರಗಳೂ, ಲೆಕ್ಕವಿಲ್ಲದಷ್ಟು ಕೆರೆತೊರೆಗಳೂ ತುಂಬಿದ ನಾಡು. ನವೆಂಬರಿನಿಂದ ಮೇ ತಿಂಗಳವರೆಗೆ ನೀರೆಲ್ಲ ಹೆಪ್ಪುಗಟ್ಟಿರುತ್ತದೆ. ಬೇಸಾಯಕ್ಕೆ ಇಲ್ಲಿ ಅವಕಾಶವಿಲ್ಲ.

ಈ ಕಾಡಿಗೂ ಯುರೋಪಿನ ಪೇಟೆಗೂ ನಂಟನ್ನು ಬೆಸೆದ ಪ್ರಾಣಿ ಬೀವರ್. ನಮ್ಮಲ್ಲಿ ಕೆಲವರು ಇದನ್ನು ನೀರುನಾಯಿಯೆಂದು ಭಾವಿಸುವುದುಂಟು, ಅದು ಸರಿಯಲ್ಲ. ನೀರುನಾಯಿಯು ಮೀನು ಹಿಡಿಯುವ ಮಾಂಸಾಹಾರಿ. ಬೀವರ್ ಇಲಿ ಅಳಿಲುಗಳ ವರ್ಗಕ್ಕೆ ಸೇರಿದ, ತೊಗಟೆ ಚಿಗುರುಗಳನ್ನು ತಿನ್ನುವ, ಸುಮಾರು ಇಪ್ಪತ್ತು ಕಿಲೋಗ್ರಾಂ ತೂಗುವ ಪ್ರಾಣಿ. ಮರಗಳನ್ನು ಹಲ್ಲಿನಿಂದಲೇ ಕಡಿದು ಕೆಡವಿ, ತೊರೆಗೆ ಅಡ್ಡಲಾಗಿ ಒಡ್ಡು ಕಟ್ಟಿ, ನಿಂತ ನೀರಿನ ನಡುವೆ ಕಡ್ಡಿ ಕೆಸರುಗಳ ಗೂಡು ಮಾಡಿಕೊಂಡು ಸಂಸಾರಸಮೇತ ವಾಸಿಸುತ್ತದೆ. ಇದರ ಚರ್ಮದ ಮೇಲೆ ಎರಡು ಪದರಗಳುಂಟು. ಮೇಲಿನದು ಒರಟಾದ ಹೊರಗೂದಲು, ಕೆಳಗಿನದು ಮೃದುವಾದ ಒಳತುಪ್ಪುಳು. ಒಳತುಪ್ಪುಳಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಮುಳ್ಳುಗಳಿರುವುದರಿಂದ, ತೇವ ಕೊಟ್ಟು ಒತ್ತಿದರೆ ಅವು ಒಂದರೊಳಗೊಂದು ಹೆಣೆದುಕೊಂಡು ನೆಯ್ಗೆಯಿಲ್ಲದೆಯೇ ಗಟ್ಟಿಯಾದ ಬಟ್ಟೆಯಾಗುತ್ತವೆ. ಯುರೋಪಿನ ಸಿರಿವಂತರು ತಲೆಗಿಡುತ್ತಿದ್ದ ಟೊಪ್ಪಿಗೆಗಳು ಈ ಬಟ್ಟೆಯವು. ಇಲ್ಲೊಂದು ವಿನೋದವಿದೆ. 17ನೆಯ ಶತಮಾನದಲ್ಲಿ ಹೊಸ ಚರ್ಮಕ್ಕಿಂತ ಹಳೆಯ ಚರ್ಮಕ್ಕೇ ಬೆಲೆ ಹೆಚ್ಚು. ಮೂಲನಿವಾಸಿಗಳು ತುಪ್ಪುಳು ಒಳಗಾಗುವಂತೆ ಒಂದೆರಡು ಚಳಿಗಾಲ ಹೊದ್ದು ಸವೆಸಿದ ಚರ್ಮದಲ್ಲಿ ಹೊರಗೂದಲು ತಾನೇ ಉದುರಿ, ಒಳತುಪ್ಪುಳು ಮೈಯ ಜಿಡ್ಡು ಹೀರಿ ಹದಗೊಂಡಿರುತ್ತಿತ್ತು. ಟೊಪ್ಪಿಗೆ ಮಾಡುವವನಿಗೆ ಅರ್ಧ ಕೆಲಸ ಉಳಿಯಿತು. ಒಬ್ಬರ ಹಳೆಯ ಹೊದಿಕೆ ಇನ್ನೊಬ್ಬರ ಶಿರೋಭೂಷಣವಾಗಿ ಕಡಲು ದಾಟಿತು.

1668ರಲ್ಲಿ ‘ನಾನ್‌ಸಚ್’ ಎಂಬ ಚಿಕ್ಕ ಇಂಗ್ಲಿಷ್ ಹಡಗು ಜೇಮ್ಸ್ ಕೊಲ್ಲಿಯ ತಳಕ್ಕೆ ಬಂದು, ಮುಂದೆ ರೂಪರ್ಟ್ ಎಂದು ಹೆಸರಾದ ನದಿಯ ಮುಖದಲ್ಲಿ ಚಳಿಗಾಲ ಕಳೆದು, ಮರುವರ್ಷ ಚರ್ಮಗಳೊಡನೆ ಹಿಂತಿರುಗಿತು. ಅದರ ಫಲವಾಗಿ 1670ನೆಯ ಮೇ 2ರಂದು ಎರಡನೆಯ ಚಾರ್ಲ್ಸ್ ದೊರೆಯ ಸನ್ನದಿನಿಂದ ಹಡ್ಸನ್ಸ್ ಬೇ ಕಂಪೆನಿ ಹುಟ್ಟಿತು. ಹಡ್ಸನ್ ಕೊಲ್ಲಿಗೆ ಹರಿಯುವ ನದಿಗಳ ನಾಡೆಲ್ಲದರ ವ್ಯಾಪಾರದ ಏಕಸ್ವಾಮ್ಯವನ್ನು, ಆ ನಾಡಿನವರನ್ನು ಒಂದು ಮಾತೂ ಕೇಳದೆ, ದೊರೆಯು ಕಂಪೆನಿಗೆ ದಯಪಾಲಿಸಿದನು. ಈಸ್ಟ್ ಇಂಡಿಯಾ ಕಂಪೆನಿಯ ಸನ್ನದನ್ನು ಬಲ್ಲ ನಮ್ಮ ಓದುಗರಿಗೆ ಈ ಔದಾರ್ಯದ ರೀತಿ ಹೊಸದಲ್ಲ. ವ್ಯತ್ಯಾಸವಿಷ್ಟೆ: ಈ ಕಂಪೆನಿ ಬಹುಕಾಲ ನದೀಮುಖದ ಕೋಠಿಗಳಲ್ಲಿಯೇ ಕುಳಿತಿತ್ತು, ಕಾಡಿನೊಳಗೆ ಚರ್ಮ ತರುವ ವಿದ್ಯೆ ಕ್ರೀ ಜನರದೇ ಆಗಿತ್ತು. ವ್ಯಾಪಾರದ ಲೆಕ್ಕಕ್ಕೂ ಬೀವರೇ ನಾಣ್ಯ. ಬೆಳೆದ ಬೀವರಿನ ಒಳ್ಳೆಯ ಚರ್ಮವೊಂದನ್ನು ಮಾನವಾಗಿಟ್ಟು ಬಂದೂಕು, ಕಂಬಳಿ, ಕೊಡಲಿ, ಉಳಿದ ಪ್ರಾಣಿಗಳ ಚರ್ಮ, ಎಲ್ಲಕ್ಕೂ ಬೆಲೆ ಕಟ್ಟುತ್ತಿದ್ದರು. 19ನೆಯ ಶತಮಾನದ ನಡುವಿನಲ್ಲಿ ಈ ಮಾನದ ಹಿತ್ತಾಳೆಯ ಬಿಲ್ಲೆಗಳನ್ನೇ ಅಚ್ಚುಹಾಕಿಸಿದರು. ಅವುಗಳ ಮೇಲೆ ಇರಬೇಕಾಗಿದ್ದ ‘ಎಂ. ಬಿ.’ ಎಂಬ ಅಕ್ಷರಗಳು ಅಚ್ಚು ಕೊರೆದವನ ಕೈತಪ್ಪಿನಿಂದ ‘ಎನ್. ಬಿ.’ ಆದುವೆಂದು ನಾಣ್ಯಶಾಸ್ತ್ರಜ್ಞರು ಹೇಳುತ್ತಾರೆ.

ಇನ್ನು ಋತುಗಳ ವಿಚಾರ. ಯುರೋಪಿನವರು ವರ್ಷವನ್ನು ನಾಲ್ಕಾಗಿ ಭಾಗಿಸಿದರೆ, ಕ್ರೀ ಜನರಿಗೆ ನಮ್ಮಂತೆಯೇ ಆರು ಋತುಗಳು. ಪಶ್ಚಿಮದ ಉಪಭಾಷೆಗಳಲ್ಲಿ ಅವುಗಳ ಹೆಸರು ಪಿಪೋನ್, ಸೀಕ್ವನ್, ಮಿಯೋಸ್ಕಮಿನ್, ನೀಪಿನ್, ತಕ್ವಾಕಿನ್, ಮಿಕಿಸ್ಕಾವ್ ಎಂದು. ಪೂರ್ವದಲ್ಲಿ ಉಚ್ಚಾರ ತುಸು ಬೇರೆ. ಚಳಿ, ವಸಂತ, ಬೇಸಗೆ, ಶರತ್ತುಗಳ ಜೊತೆಗೆ ಎರಡು ಸಂಧಿಕಾಲಗಳು ಇಲ್ಲಿ ಋತುಗಳ ಪದವಿಗೇರಿವೆ: ಮಂಜುಗಡ್ಡೆ ಒಡೆಯುವ ಕಾಲ ಮಿಯೋಸ್ಕಮಿನ್, ನೀರು ಹೆಪ್ಪುಗಟ್ಟುವ ಕಾಲ ಮಿಕಿಸ್ಕಾವ್. ಇದರ ಕಾರಣವನ್ನು ತಿಳಿಯುವುದು ಕಠಿಣವಲ್ಲ. ಈ ಎರಡು ಕಾಲಗಳಲ್ಲಿ ದೋಣಿಯೂ ಸಾಗದು, ಗಡ್ಡೆಯ ಮೇಲೆ ಕಾಲಿಡಲೂ ಆಗದು. ಸಂಚಾರವೇ ಜೀವನವಾದವರಿಗೆ ಸಂಚಾರ ನಿಲ್ಲುವ ಮೂರುನಾಲ್ಕು ವಾರಗಳು ಪ್ರತ್ಯೇಕ ಋತುವಾದದ್ದು ಸಹಜ.

ಒಳನಾಡಿನ ಮಿಸ್ಟಸ್ಸಿನಿಯ ಬೇಟೆಗಾರರ ವರ್ಷವನ್ನು, ಎಡ್ವರ್ಡ್ ರೋಜರ್ಸ್ ಎಂಬ ವಿದ್ವಾಂಸನು 1953–54ರಲ್ಲಿ ಒಂದು ತಂಡದೊಡನೆ ಕಾಡಿನಲ್ಲಿದ್ದು ದಾಖಲೆ ಮಾಡಿದ್ದಾನೆ. ಅದನ್ನೂ, ಅನಂತರ ಏಡ್ರಿಯನ್ ಟ್ಯಾನರ್, ಹಾರ್ವೆ ಫೈಟ್ ಮೊದಲಾದವರು ನಡೆಸಿದ ಅಧ್ಯಯನಗಳನ್ನೂ ಆಧರಿಸಿ ಆ ವರ್ಷದ ಗತಿಯನ್ನು ಹೀಗೆ ಚಿತ್ರಿಸಬಹುದಾಗಿದೆ.

ಬೇಸಗೆಯ ಕೊನೆಗೆ ಜನ ಕೋಠಿಯ ಬಳಿಯಿಂದ ಹೊರಡುತ್ತಿದ್ದರು. ಮೂರುನಾಲ್ಕು ಸಂಸಾರಗಳದೊಂದು ತಂಡ; ಹಿಟ್ಟು, ಕೊಬ್ಬು, ಚಹ, ಮದ್ದುಗುಂಡು, ಬೋನು, ಬಲೆಗಳನ್ನು ಕೋಠಿಯಿಂದ ಉದ್ರಿ ತಂದು ದೋಣಿಗಳಲ್ಲಿ ತುಂಬಿ, ನದಿಯನ್ನು ಏರುತ್ತ, ಜಲಪಾತವಿದ್ದೆಡೆ ದೋಣಿಯನ್ನೂ ಮೂಟೆಗಳನ್ನೂ ಹೊತ್ತು ದಾಟುತ್ತ, ವಾರಗಟ್ಟಲೆ ಸಾಗಿ ತಮ್ಮ ಬೇಟೆಯ ನೆಲೆಯನ್ನು ಸೇರುವರು. ಶರತ್ತು ಸಂಗ್ರಹದ ಕಾಲ. ಬಲೆಗಳಿಗೆ ಮೊಟ್ಟೆಯಿಡಲು ದಡಕ್ಕೆ ಬರುವ ಬಿಳಿಮೀನುಗಳು ಬೀಳುತ್ತವೆ, ಕಡವೆಗಿಂತಲೂ ಬಹು ದೊಡ್ಡದಾದ ಮೂಸ್ ಎಂಬ ಜಿಂಕೆಯ ಬೇಟೆ ನಡೆಯುತ್ತದೆ, ಕರಡಿ ಕೊಬ್ಬಿರುತ್ತದೆ. ಇದರೊಡನೆ ಇನ್ನೊಂದು ಮುಖ್ಯ ಕಾರ್ಯ ಸದ್ದಿಲ್ಲದೆ ಸಾಗುತ್ತದೆ, ಬೀವರುಗಳ ಗಣತಿ. ನೀರು ಹೆಪ್ಪುಗಟ್ಟುವ ಮುನ್ನ ಬೀವರ್ ತನ್ನ ಗೂಡಿಗೆ ಹೊಸ ಕೆಸರು ಬಳಿಯುತ್ತದೆ, ಚಳಿಗಾಲದ ಆಹಾರಕ್ಕೆಂದು ಕೊಂಬೆಗಳ ರಾಶಿಯನ್ನು ಗೂಡಿನ ಮುಂದೆ ನೀರಿನಲ್ಲಿ ಮುಳುಗಿಸಿಡುತ್ತದೆ. ದೋಣಿಯಲ್ಲಿ ಹೋಗುವ ಅನುಭವಿಯು ಆ ರಾಶಿಯ ಗಾತ್ರವನ್ನೂ ಕಡಿದ ಮರದ ಮೇಲಿನ ಹಲ್ಲಿನ ಗುರುತನ್ನೂ ನೋಡಿ, ಗೂಡಿನಲ್ಲಿ ದೊಡ್ಡವೆಷ್ಟು, ಮರಿಗಳೆಷ್ಟು ಎಂದು ಅಂದಾಜು ಮಾಡುತ್ತಾನೆ. ಹಿಮ ಬಿದ್ದ ಮೇಲೆ ಈ ಗುರುತುಗಳೆಲ್ಲ ಮುಚ್ಚಿಹೋಗುವುದರಿಂದ ಗಣತಿಗೆ ಬೇರೆ ಕಾಲವೇ ಇಲ್ಲ.

ಮಿಕಿಸ್ಕಾವ್ ಬಂದಾಗ ತಂಡ ಒಂದೆಡೆ ನೆಲೆನಿಲ್ಲುತ್ತದೆ. ದಿಮ್ಮಿಗಳನ್ನು ನಿಲ್ಲಿಸಿ, ಸಂದುಗಳಿಗೆ ಪಾಚಿ ತುರುಕಿ, ನೆಲಕ್ಕೆ ಸ್ಪ್ರೂಸ್ ಚಿಗುರುಗಳನ್ನು ಒತ್ತೊತ್ತಾಗಿ ಹಾಸಿ, ಹಲವು ಸಂಸಾರಗಳು ಒಂದೇ ಸೂರಿನಡಿ ಇರುವ ಚಳಿಮನೆಯನ್ನು ಕಟ್ಟುವರು. ಗಂಡಸರು ಹಿಮಪಾದುಕೆಗಳ ಮರದ ಚೌಕಟ್ಟನ್ನು ಬಾಗಿಸಿದರೆ, ಹೆಂಗಸರು ಚರ್ಮದ ಸಣ್ಣ ಎಳೆಗಳಿಂದ ಅದರ ಜಾಲವನ್ನು ಹೆಣೆಯುವರು. ಇದು ಬರಿಯ ಅಲಂಕಾರದ ಕೈಗೆಲಸವಲ್ಲ. ಹಿಮಪಾದುಕೆ ಇಲ್ಲದವನು ಸೊಂಟಮಟ್ಟದ ಹಿಮದಲ್ಲಿ ಒಂದು ಹರದಾರಿಯನ್ನೂ ನಡೆಯಲಾರ.

ಗಡ್ಡೆ ಬಲಿತ ಮೇಲೆ ತುಪ್ಪುಳಿನ ಕಾಲ. ಪ್ರಾಣಿಗಳ ಮೈಗೂದಲು ಚಳಿಗೆ ದಟ್ಟವಾಗಿ ಬೆಳೆದು ‘ಪಕ್ವ’ವಾಗುವುದು ಈಗಲೇ, ಬೇಸಗೆಯಲ್ಲಿ ಕೊಂದ ಪ್ರಾಣಿಯ ಚರ್ಮಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ. ಮರದ ಮೇಲೆ ಓಡಾಡುವ, ಮುಂಗುಸಿಯಷ್ಟು ದೊಡ್ಡದಾದ ಮಾರ್ಟೆನ್ ಎಂಬ ಪ್ರಾಣಿಯ ಚರ್ಮ ಚಳಿಗಾಲದ ಮೊದಲ ತಿಂಗಳುಗಳಲ್ಲಿ ಉತ್ತಮ. ಬೀವರಿನದು ನಡುಚಳಿಯಿಂದ ವಸಂತದವರೆಗೆ. ಮಾರ್ಟೆನ್‌ಗಾಗಿ ಹಿಂದೆ, ಎರೆಯನ್ನು ಎಳೆದೊಡನೆ ಮೇಲಿನ ದಿಮ್ಮಿ ಬೀಳುವಂತೆ ಮರದಿಂದಲೇ ಬೋನು ಹೂಡುತ್ತಿದ್ದರು. ಅನಂತರ ಉಕ್ಕಿನ ಬೋನುಗಳು ಬಂದುವು. ಬೀವರಿನ ಬೇಟೆ ಹೆಚ್ಚು ಕೌಶಲದ್ದು. ಕಬ್ಬಿಣದ ಅಲಗಿನ ಉದ್ದ ಉಳಿಯಿಂದ ಗಡ್ಡೆಯನ್ನು ತಟ್ಟಿ, ಸದ್ದಿನ ವ್ಯತ್ಯಾಸದಿಂದಲೇ ಕೆಳಗೆ ಬೀವರ್ ಓಡಾಡುವ ದಾರಿಯನ್ನು ಗುರುತಿಸಿ, ಅಲ್ಲಿ ತೂತು ಕೊರೆದು, ಎರೆಗೊಂಬೆಯೊಡನೆ ಬೋನನ್ನು ನೀರಿನಲ್ಲಿ ಇಳಿಬಿಡುತ್ತಾರೆ. ಉಕ್ಕಿನ ಬೋನಿಗೆ ಮುಂಚೆ, ಗೂಡಿನ ಬಾಯಿಗಳಿಗೆ ಗೂಟ ನೆಟ್ಟು ಮುಚ್ಚಿ ಗೂಡನ್ನೇ ಒಡೆಯುತ್ತಿದ್ದರು. 1950ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ, ಪ್ರಾಣಿಯನ್ನು ಕೂಡಲೇ ಕೊಲ್ಲುವ ಬೋನು ಕೆನಡಾದ ತುಪ್ಪುಳುಬೇಟೆಗಾರನೇ ಆಗಿದ್ದ ಫ್ರಾಂಕ್ ಕೋನಿಬೇರ್ ಎಂಬಾತನ ಕಲ್ಪನೆ.

ತಂದ ಪ್ರಾಣಿಯ ಚರ್ಮವನ್ನು ಸುಲಿದು, ಅಂಟಿದ ಕೊಬ್ಬನ್ನು ಹೆರೆದು, ಒಣಗಿಸಿ ಮಾರಾಟಕ್ಕೆ ಸಿದ್ಧಪಡಿಸುವುದರಲ್ಲಿ ಹೆಂಗಸರ ಪಾಲು ಬಹಳ. ಬೀವರಿನ ಚರ್ಮವನ್ನು ಬಾಗಿದ ಕೋಲಿನ ಗುಂಡು ಚೌಕಟ್ಟಿಗೆ ಸುತ್ತಲೂ ಬಿಗಿದು ಹೊಲಿದು ಚಂದ್ರಬಿಂಬದಂತೆ ಹರಡುವರು. ಮಾರ್ಟೆನ್ ಮಿಂಕ್‌ಗಳದನ್ನು ಸೀಳದೆ ಚೀಲದಂತೆ ಸುಲಿದು ಹಲಗೆಗೆ ತೊಡಿಸುವರು. ಹೆರೆತದಲ್ಲಿ ಕೈ ತಪ್ಪಿ ಒಂದು ತೂತು ಬಿದ್ದರೆ ಬೆಲೆ ಇಳಿಯುತ್ತದೆ. ಕೋಠಿಯ ಲೆಕ್ಕದ ಪುಸ್ತಕದಲ್ಲಿ ಗಂಡಸಿನ ಹೆಸರಷ್ಟೇ ಬರೆಯಲ್ಪಡುತ್ತಿತ್ತು ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ನೆನಪಿನಲ್ಲಿಡತಕ್ಕದ್ದು. ಆ ಪುಸ್ತಕಗಳನ್ನು ಮಾತ್ರ ಓದಿದವರಿಗೆ ಅರ್ಧ ದುಡಿಮೆ ಕಾಣುವುದೇ ಇಲ್ಲ.

ಫೆಬ್ರವರಿ ಮಾರ್ಚಿಯಲ್ಲಿ ಹಿಮ ಆಳವಾಗಿ ಮೂಸ್ ಓಡಲಾರದೆ ಹೋಗುವುದರಿಂದ ಮತ್ತೆ ಅದರ ಬೇಟೆ. ಸೀಕ್ವನ್‌ನಲ್ಲಿ ನೀರಿಲಿ, ನೀರುನಾಯಿ. ಏಪ್ರಿಲ್ ಮೇ ತಿಂಗಳಲ್ಲಿ ದಕ್ಷಿಣದಿಂದ ಹೆಬ್ಬಾತುಗಳ ಹಿಂಡು ಮರಳಿದಾಗ ಕೊಲ್ಲಿಯ ದಡದವರಿಗೆ ವರ್ಷದ ದೊಡ್ಡ ಹಬ್ಬವೇ ಸರಿ; ಅವರ ಆಹಾರದಲ್ಲಿ ಹೆಬ್ಬಾತಿಗಿರುವ ಸ್ಥಾನ ಒಳನಾಡಿನವರಿಗೆ ಮೂಸ್ ಬೀವರುಗಳಿಗಿರುವ ಸ್ಥಾನದಂಥದು. ನೀರು ಬಿಟ್ಟ ಮೇಲೆ ತಂಡಗಳು ಕೋಠಿಗೆ ಇಳಿದು, ಚರ್ಮ ಒಪ್ಪಿಸಿ, ಸಾಲ ತೀರಿಸಿ, ಬೇಸಗೆಯನ್ನು ಮೀನು, ಮದುವೆ, ನೆಂಟರ ಭೇಟಿಗಳಲ್ಲಿ ಕಳೆಯುವುವು.

ಈ ವರ್ಷಚಕ್ರವನ್ನು ಮತ್ತೊಮ್ಮೆ ದೃಷ್ಟಿಸಿದರೆ, ನಾವು ಮೊದಲಿಗೆ ಎತ್ತಿದ ಪ್ರಶ್ನೆಗೆ ಉತ್ತರ ಹೊಳೆಯುತ್ತದೆ. ಬೀವರ್ ತುಪ್ಪುಳಿನ ಪ್ರಾಣಿ ಹೇಗೋ ಹಾಗೆ ಮಾಂಸದ ಪ್ರಾಣಿ. ಅದೂ ಕೊಬ್ಬುಳ್ಳ ಮಾಂಸ. ಚಳಿನಾಡಿನಲ್ಲಿ ಕೊಬ್ಬಿನ ಬೆಲೆಯನ್ನು ನಾವು ಊಹಿಸುವುದು ಕಷ್ಟ. ಉರುಳಿಗೆ ಬಿದ್ದ ಮೊಲಗಳನ್ನು ಹೊಟ್ಟೆತುಂಬ ತಿನ್ನುತ್ತಿದ್ದರೂ, ಮೊಲದಲ್ಲಿ ಕೊಬ್ಬಿಲ್ಲದ ಕಾರಣ, ಜನ ಸೊರಗಿ ಹೋಗುತ್ತಾರೆ. ಬೀವರನ್ನು ಹಿಡಿಯುವವನು ಒಂದೇ ಹೆಜ್ಜೆಯಲ್ಲಿ ಒಲೆಗೂ ಪೇಟೆಗೂ ದುಡಿದಂತಾಯಿತು. ಮಾರ್ಟೆನ್, ಮಿಂಕ್, ನರಿಗಳ ಮಾತು ಬೇರೆ. ಅವುಗಳಿಂದ ಚರ್ಮ ಸಿಕ್ಕೀತು, ಊಟ ಸಿಗದು. ಮಾರ್ಟೆನ್ ಬೋನುಗಳ ಸಾಲನ್ನು ಹಿಡಿದು ದಿನಗಟ್ಟಲೆ ಹೋಗುವವನಿಗೆ ಬೇರೆ ಯಾರಾದರೂ ಅನ್ನ ಒದಗಿಸಬೇಕು. ತಂಡದಲ್ಲಿ ಮುದುಕರು ಹೆಂಗಸರು ಮಕ್ಕಳು ಬಲೆ ಎಳೆಯುತ್ತ, ಮೊಲದ ಉರುಳು ನೋಡುತ್ತ ಇದ್ದುದರಿಂದಲೇ ಯುವಕರಿಗೆ ಮಾರ್ಟೆನ್ ಬೇಟೆ ಸಾಧ್ಯವಾಯಿತು.

ಈ ಭೇದವನ್ನು ವರ್ತಕರು ಚೆನ್ನಾಗಿ ಅರಿತಿದ್ದರು. ಕ್ಯಾರಿಬೂ ಜಿಂಕೆಯ ಹಿಂಡು ಸಿಕ್ಕ ವರ್ಷ ಬೇಟೆಗಾರನು ಉಂಡು ಸುಖವಾಗಿರುತ್ತಾನೆ, ಕೋಠಿಯ ಕಡೆ ತಲೆಹಾಕುವುದಿಲ್ಲ; ವರ್ತಕನ ಕಣ್ಣಿಗೆ ಅವನು ‘ಸೋಮಾರಿ’. ಕ್ರೀ ಜನರ ಈಶಾನ್ಯದ ನೆರೆಯವರಾದ ನಾಸ್ಕಪಿಗಳ ವಿಷಯದಲ್ಲಿ ಇದು ದುರಂತಕ್ಕೆ ತಿರುಗಿತು. ಕ್ಯಾರಿಬೂ ಬಿಟ್ಟು ಮಾರ್ಟೆನ್ ಹಿಡಿಯಲೆಂದು ಕಂಪೆನಿಯ ಅಧಿಕಾರಿಗಳು ಮದ್ದುಗುಂಡುಗಳನ್ನು ಬಿಗಿಹಿಡಿದು ಕೊಟ್ಟರು. 1840ರ ದಶಕದಲ್ಲಿ ಅಲ್ಲಿ ಎಷ್ಟೋ ಜನ ಹಸಿವಿನಿಂದ ಸತ್ತರು. ಜೇಮ್ಸ್ ಕೊಲ್ಲಿಯ ಕ್ರೀಗಳ ಸ್ಥಿತಿ ಅಷ್ಟು ಕೆಡಲಿಲ್ಲ. ಅವರ ಕಾಡಿನಲ್ಲಿ ಬೀವರ್ ಇದ್ದಿತು, ಮೀನಿದ್ದಿತು. ಉದ್ರಿಯ ವಿಚಾರದಲ್ಲಿಯೂ ನಾವು ಅವಸರದಿಂದ ತೀರ್ಮಾನಿಸಬಾರದು. ನಮ್ಮ ನಾಡಿನ ಜೀತದ ನೆನಪಿನಿಂದ, ಮುಂಗಡವೆಂದೊಡನೆ ದಾಸ್ಯವೆಂದೇ ನಮಗೆ ತೋರುತ್ತದೆ. ಡೇನಿಯಲ್ ಫ್ರಾನ್ಸಿಸ್ ಮತ್ತು ಟೋಬಿ ಮೊರಾಂಟ್ಸ್ ಇವರು ಕಂಪೆನಿಯ ಕಡತಗಳನ್ನು ಶೋಧಿಸಿ 1983ರಲ್ಲಿ ಪ್ರಕಟಿಸಿದ ಗ್ರಂಥವು, ಬೇಟೆಗಾರನು ಎಲ್ಲಿ ಹೋಗಬೇಕು, ಏನು ಹಿಡಿಯಬೇಕು ಎಂಬುದು ಬಹುಮಟ್ಟಿಗೆ ಅವನ ಇಚ್ಛೆಯಲ್ಲೇ ಉಳಿದಿತ್ತೆಂದು ತೋರಿಸಿಕೊಟ್ಟಿದೆ. ವರ್ಷವಿಡೀ ಕಾಡಿನಲ್ಲಿ ಉಣ್ಣಬಲ್ಲವನನ್ನು ಲೆಕ್ಕದ ಪುಸ್ತಕದಿಂದ ಕಟ್ಟಿಹಾಕುವುದು ಸುಲಭವಲ್ಲ.

ಈಗ ನೆಲದ ಪ್ರಶ್ನೆ. ಕಾಡು ಅಲ್ಲಿ ಸುಮಾರು ಮುನ್ನೂರು ಬೇಟೆಯ ನೆಲೆಗಳಾಗಿ ಹಂಚಿಹೋಗಿದೆ. ಒಂದೊಂದಕ್ಕೂ ಒಬ್ಬ ಹಿರಿಯ, ಅವರ ಮಾತಿನಲ್ಲಿ ‘ಊಚಿಮಾವ್’. ಈ ಏರ್ಪಾಡು ಎಷ್ಟು ಹಳೆಯದು? ಫ್ರಾಂಕ್ ಸ್ಪೆಕ್ 1915ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಆಲ್ಗಾಂಕಿಯನ್ ಭಾಷೆಗಳನ್ನಾಡುವ ಈ ಬೇಟೆಗಾರರಲ್ಲಿ ಕುಟುಂಬದ ನೆಲವೆಂಬುದು ಬಿಳಿಯರು ಬರುವುದಕ್ಕೆ ಮೊದಲೇ ಇದ್ದಿತೆಂದು ಪ್ರತಿಪಾದಿಸಿದನು. ಆದಿಯಲ್ಲಿ ಆಸ್ತಿಯೆಲ್ಲ ಸಾಮುದಾಯಿಕವಾಗಿತ್ತೆಂಬ ಮಾರ್ಗನ್ನನ ವಾದವನ್ನು ಮುರಿಯಲು ಹಲವರು ಇದನ್ನೇ ಆಯುಧವಾಗಿ ಬಳಸಿದರು. 1954ರಲ್ಲಿ ಎಲೀನರ್ ಲೀಕಾಕ್ ಇದಕ್ಕೆ ಎದುರಾಗಿ ಬರೆದಳು. ಲ್ಯಾಬ್ರಡಾರಿನ ಮೋಂಟಾನ್ಯೆ ಜನರಲ್ಲಿ ಆಕೆ ಕಂಡ ಒಂದು ನಿಯಮ ಬಹು ಸೂಕ್ಷ್ಮವಾದದ್ದು: ಹಸಿದವನು ಇನ್ನೊಬ್ಬನ ನೆಲದಲ್ಲಿ ಬೀವರನ್ನು ಕೊಂದು ತಿನ್ನಬಹುದು, ಚರ್ಮವನ್ನು ಮಾತ್ರ ತಾನು ಮಾರುವಂತಿಲ್ಲ. ಮಾಂಸ ಎಲ್ಲರದು, ಚರ್ಮ ಒಬ್ಬನದು. ಆದುದರಿಂದ ಗಡಿಯನ್ನು ಎಳೆದದ್ದು ಪೇಟೆ. ಕೋಠಿಯ ಹಿಟ್ಟು ಕೊಬ್ಬುಗಳು ದೊರೆಯತೊಡಗಿದ ಮೇಲೆ ಸಂಸಾರಗಳು ಒಂದನ್ನೊಂದು ಆಶ್ರಯಿಸದೆ ಬೇರೆಬೇರೆಯಾಗಿ ನೆಲೆನಿಂತವು ಎಂದು ಆಕೆಯ ವಾದ.

ವಾದ ಬಲವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೂ ವಾಸ್ವಾನಿಪಿಯ ಕ್ರೀಗಳಲ್ಲಿ 1968ರಿಂದ ಅಧ್ಯಯನ ನಡೆಸಿದ ಫೈಟ್ ತೋರಿಸಿದ ಸಂಗತಿಯನ್ನು ಬದಿಗಿಡುವಂತಿಲ್ಲ. ಬೀವರ್ ಅಲೆಯುವ ಪ್ರಾಣಿಯಲ್ಲ. ಅದರ ಗೂಡನ್ನು ಎಣಿಸಬಹುದು, ಸಂತಾನ ಹೆಚ್ಚಲೆಂದು ಬಿಟ್ಟುಕೊಡಬಹುದು. ಊಚಿಮಾವ್ ತನ್ನ ನೆಲವನ್ನು ಭಾಗಮಾಡಿ, ಒಂದು ಭಾಗದಲ್ಲಿ ಬೇಟೆಯಾಡಿದ ವರ್ಷ ಉಳಿದವನ್ನು ನಮ್ಮ ರೈತ ಹೊಲವನ್ನು ಬೀಳು ಬಿಡುವಂತೆ ಎರಡು ಮೂರು ವರ್ಷ ಸುಮ್ಮನೆ ಬಿಡುತ್ತಾನೆ. ಹೀಗೆ ಬಿಟ್ಟ ನೆಲಕ್ಕೆ ಅನ್ಯರು ನುಗ್ಗದಂತೆ ನೋಡಿಕೊಳ್ಳುವವನೊಬ್ಬ ಬೇಕೇ ಬೇಕು; ಚರ್ಮಕ್ಕಾಗಿ ಹೇಗೋ ಹಾಗೆ ಮಾಂಸಕ್ಕಾಗಿಯೂ ಬೇಕು. ಆ ಯಜಮಾನಿಕೆಯಾದರೂ ನಾವು ಸಾಮಾನ್ಯವಾಗಿ ಒಡೆತನವೆನ್ನುವುದಲ್ಲ. ಊಚಿಮಾವ್ ನೆಲವನ್ನು ಮಾರಲಾರ. ನೆಲೆಯಿಲ್ಲದವರು ಕೇಳಿ ಬಂದರೆ ಕರೆದುಕೊಳ್ಳುವುದು ಧರ್ಮ. ಸಿಕ್ಕ ಮಾಂಸವನ್ನು ಹಂಚುವುದು ಕಡ್ಡಾಯ. ಪ್ರಾಣಿಯನ್ನು ತಾನು ಗೆದ್ದೆನೆಂದು ಬೇಟೆಗಾರನು ಹೇಳಿಕೊಳ್ಳುವುದಿಲ್ಲ, ಅದು ತನ್ನನ್ನು ಕೊಟ್ಟುಕೊಂಡಿತೆನ್ನುತ್ತಾನೆ. ಬೀವರಿನ ಎಲುಬುಗಳನ್ನು ನಾಯಿ ಮುಟ್ಟದಂತೆ ಅಟ್ಟದ ಮೇಲಿಡುವುದು ಅಥವಾ ನೀರಿಗೆ ಮರಳಿಸುವುದು, ಕರಡಿಯ ತಲೆಬುರುಡೆಯನ್ನು ಮರಕ್ಕೆ ಕಟ್ಟುವುದು ಈ ಭಾವನೆಯ ಆಚರಣೆಗಳು. ನಮ್ಮ ಅವಿಭಕ್ತ ಕುಟುಂಬದ ಯಜಮಾನನು ಆಸ್ತಿಯನ್ನು ನಡೆಸಬಲ್ಲನೇ ಹೊರತು ತನ್ನ ಇಚ್ಛೆಯಂತೆ ಪರಭಾರೆ ಮಾಡಲಾರನಷ್ಟೆ. ಊಚಿಮಾವ್‌ನ ಸ್ಥಾನವನ್ನು ಊಹಿಸಲು ಈ ಹೋಲಿಕೆ ಸ್ವಲ್ಪಮಟ್ಟಿಗೆ ನೆರವಾದೀತು. ಸ್ಪೆಕ್ ಕಂಡದ್ದು ಈ ಯಜಮಾನಿಕೆಯನ್ನು, ಲೀಕಾಕ್ ಕಂಡದ್ದು ಅದರ ಮೇಲೆ ಪೇಟೆ ಹೊದಿಸಿದ ಚರ್ಮದ ಹಕ್ಕನ್ನು. ಇಬ್ಬರೂ ‘ಆಸ್ತಿ’ ಎಂಬ ಒಂದೇ ಪದವನ್ನು ಬಳಸಿದುದರಿಂದ ವಿವಾದ ಬೆಳೆಯಿತೆಂದು ನಮಗೆ ತೋರುತ್ತದೆ.

ಈ ಏರ್ಪಾಡು ಮುರಿದಾಗ ಏನಾಗುತ್ತದೆಂಬುದಕ್ಕೆ 1920ರ ದಶಕವೇ ಸಾಕ್ಷಿ. ದಕ್ಷಿಣದಲ್ಲಿ ರೈಲು ಬಂದಿತ್ತು, ತುಪ್ಪುಳಿನ ಬೆಲೆ ಗಗನಕ್ಕೇರಿತ್ತು. ಹೊರಗಿನ ಬೇಟೆಗಾರರು ನುಗ್ಗಿ ಒಂದು ಕಡೆಯಿಂದ ಗೂಡುಗಳನ್ನು ಬರಿದುಮಾಡುತ್ತ ಸಾಗಿದರು. ತಾನು ಬಿಟ್ಟದ್ದನ್ನು ಪರರು ಒಯ್ಯುವರೆಂದು ಕಂಡ ಕ್ರೀ ಬೇಟೆಗಾರನೂ ಬಿಡುವುದನ್ನು ನಿಲ್ಲಿಸಿದನು. ಬೀವರ್ ಅಳಿವಿನಂಚಿಗೆ ಬಂದಿತು. ಹಸಿವೂ ರೋಗವೂ ಹಬ್ಬಿದುವು. ರೂಪರ್ಟ್ ಹೌಸಿನಲ್ಲಿ ಕಂಪೆನಿಯ ಅಧಿಕಾರಿಯಾಗಿದ್ದ ಜೇಮ್ಸ್ ವಾಟ್, ಸತ್ತ ಬೀವರಿಗೆ 대신 ಬದುಕಿರುವ ಬೀವರಿಗೆ ಹಣ ಕೊಡುವ ಉಪಾಯ ಹೂಡಿದನು. ಆತನ ಹೆಂಡತಿ ಮಾಡ್ ವಾಟ್ ಕ್ವಿಬೆಕ್ ನಗರಕ್ಕೆ ಹೋಗಿ ಸರ್ಕಾರವನ್ನು ಒಪ್ಪಿಸಿ 1932ರಲ್ಲಿ ಆ ಸೀಮೆಯನ್ನು ರಕ್ಷಿತ ಪ್ರದೇಶವಾಗಿ ಪಡೆದಳು. ಪ್ರತಿಯೊಂದು ನೆಲೆಯ ಹಿರಿಯನೂ ಗೂಡುಗಳನ್ನು ಎಣಿಸಿ ನಕ್ಷೆಯ ಮೇಲೆ ಗುರುತಿಸಬೇಕು, ಎಣಿಕೆಯ ಮೇಲೆ ಎಷ್ಟು ಹಿಡಿಯಬಹುದೆಂಬುದು ತೀರ್ಮಾನವಾಗಬೇಕು. ಶರತ್ಕಾಲದ ಹಳೆಯ ಗಣತಿಯೇ ಸರ್ಕಾರದ ವಿಧಿಯಾಯಿತು. ಊಚಿಮಾವ್‌ಗೆ ‘ಎಣಿಕೆಗಾರ’ ಎಂಬ ಸರ್ಕಾರಿ ಹೆಸರು ಬಂದದ್ದು ಹೀಗೆ. ಬೀವರ್ ಮತ್ತೆ ಹೆಚ್ಚಿತು. ನಕ್ಷೆಯ ಮೇಲೆ ಗೆರೆಗಳು ಮಾತ್ರ ಹಿಂದೆಂದೂ ಇಲ್ಲದಷ್ಟು ಗಟ್ಟಿಯಾದುವು.

1971ನೆಯ ಏಪ್ರಿಲ್ 30ರಂದು ಕ್ವಿಬೆಕ್‌ನ ಮುಖ್ಯಮಂತ್ರಿ ರಾಬರ್ಟ್ ಬೂರಾಸಾ ಈ ಸೀಮೆಯ ನದಿಗಳಿಗೆ ಅಣೆಕಟ್ಟು ಹಾಕುವ ಬೃಹತ್ ಜಲವಿದ್ಯುದ್ಯೋಜನೆಯನ್ನು ಘೋಷಿಸಿದನು. ನೆಲದವರನ್ನು ಈ ಬಾರಿಯೂ ಯಾರೂ ಕೇಳಿರಲಿಲ್ಲ. ಕ್ರೀಗಳು ನ್ಯಾಯಸ್ಥಾನಕ್ಕೆ ಹೋದರು. 1972ರ ಡಿಸೆಂಬರಿನಲ್ಲಿ ಮೊದಲಾದ ವಿಚಾರಣೆಯಲ್ಲಿ ಕಾಡಿನಿಂದ ಬಂದ ಬೇಟೆಗಾರರು ತಮ್ಮ ವರ್ಷದ ದುಡಿಮೆಯನ್ನು ವಿವರಿಸಿದರು. ಎದುರುಪಕ್ಷದ ವಾದವೇನೆಂದರೆ, ಇವರು ಈಗ ಅಂಗಡಿಯ ಹಿಟ್ಟು ತಿನ್ನುವವರು, ಸಂಬಳಕ್ಕೆ ದುಡಿಯುವವರು, ಬೇಟೆ ಇವರಿಗೆ ಹಳೆಯ ಅಭ್ಯಾಸ ಮಾತ್ರ ಎಂಬುದು. ಏನನ್ನು ತಿಂದು ಬದುಕುತ್ತಾರೆ ಎಂಬ ಪ್ರಶ್ನೆ ಹೀಗೆ ನ್ಯಾಯಾಧೀಶರ ಮುಂದೆ ಬಂದಿತು. ಬೇಟೆ, ಮೀನುಗಾರಿಕೆ, ತುಪ್ಪುಳುಬೇಟೆಗಳು ಆ ಜನರ ಜೀವನದಲ್ಲಿ ಇಂದಿಗೂ ಅತಿಮುಖ್ಯವೆಂದು ಒಪ್ಪಿದ ನ್ಯಾಯಮೂರ್ತಿ ಆಲ್ಬರ್ಟ್ ಮಲೂಫ್, 1973ನೆಯ ನವೆಂಬರ್ 15ರಂದು ಕೆಲಸ ನಿಲ್ಲಿಸುವಂತೆ ತಡೆಯಾಜ್ಞೆ ಕೊಟ್ಟನು. ಒಂದು ವಾರದಲ್ಲಿಯೇ ಮೇಲಿನ ನ್ಯಾಯಾಲಯ ಅದನ್ನು ಅಮಾನತಿನಲ್ಲಿಟ್ಟಿತು. ಆದರೂ ಆ ತೀರ್ಪಿನ ಒತ್ತಡದಿಂದ ಸಂಧಾನ ನಡೆದು 1975ನೆಯ ನವೆಂಬರ್ 11ರಂದು ಒಪ್ಪಂದಕ್ಕೆ ಸಹಿಯಾಯಿತು. ಅಣೆಕಟ್ಟುಗಳು ಎದ್ದುವು, ಹಲವು ಬೇಟೆಯ ನೆಲೆಗಳು ನೀರಿನಡಿ ಹೋದುವು. ತುಪ್ಪುಳುಬೇಟೆಯ ಹಕ್ಕು ಮೂಲನಿವಾಸಿಗಳಿಗೇ ಮೀಸಲಾಯಿತು. ಅಲ್ಲದೆ, ಕಾಡಿನಲ್ಲಿ ಬೇಟೆಯಾಡುತ್ತ ಕಳೆದ ದಿನಗಳನ್ನೆಣಿಸಿ ಹಣ ಕೊಡುವ ಒಂದು ಯೋಜನೆ 1976ರಲ್ಲಿ ಮೊದಲಾಯಿತು. ಚರ್ಮದ ಸಂಖ್ಯೆಗೆ ಅದರಲ್ಲಿ ಲೆಕ್ಕವಿಲ್ಲ, ದಿನಕ್ಕೆ ಮಾತ್ರ ಲೆಕ್ಕ. ಮೂಸ್ ಬೇಟೆಯ ದಿನವೂ ಮಾರ್ಟೆನ್ ಬೇಟೆಯ ದಿನವೂ ಅದರ ಮುಂದೆ ಸಮಾನ.

ಪೇಟೆಯಾದರೋ ಕುಸಿಯುತ್ತ ಬಂದಿತು. ತುಪ್ಪುಳುಡುಪಿನ ವಿರುದ್ಧ ಯುರೋಪಿನಲ್ಲಿ ಎದ್ದ ಚಳವಳಿಯಿಂದ 1980ರ ದಶಕದಲ್ಲಿ ಬೆಲೆಗಳು ಬಿದ್ದುವು. ಕಾಲು ಹಿಡಿಯುವ ಬೋನಿನ ವಿರುದ್ಧ 1991ರಲ್ಲಿ ಯುರೋಪಿನ ಒಕ್ಕೂಟ ಕಟ್ಟಳೆ ಮಾಡಿತು, 1997ರಲ್ಲಿ ಬೋನುಗಳ ಬಗೆಗೆ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಹಡ್ಸನ್ಸ್ ಬೇ ಕಂಪೆನಿ 1987ರಲ್ಲಿ ಉತ್ತರದ ಅಂಗಡಿಗಳನ್ನೂ ತುಪ್ಪುಳಿನ ಹರಾಜಿನ ವ್ಯವಹಾರವನ್ನೂ ಮಾರಿತು. 2025ರ ಜೂನ್ 1ರಂದು ಅದರ ಉಳಿದ ಅಂಗಡಿಗಳೂ ಬಾಗಿಲು ಹಾಕಿದುವು. ಈಯೂ ಇಸ್ಟ್ಚೀಯ ಋತುಗಳು ಆ ದಿನಾಂಕಗಳನ್ನು ಅನುಸರಿಸಲಿಲ್ಲ. ದೋಣಿಯ ಬದಲು ಮೋಟಾರು, ಹಿಮವಾಹನಗಳು ಬಂದಿವೆ. ಎಲ್ಲರೂ ವರ್ಷವಿಡೀ ಕಾಡಿನಲ್ಲಿರುವುದೂ ಇಲ್ಲ. ಆದರೆ ಪ್ರತಿ ವಸಂತದಲ್ಲಿಯೂ ಹೆಬ್ಬಾತುಗಳು ಬಂದಾಗ ಅಲ್ಲಿನ ಶಾಲೆಗಳೂ ಕಚೇರಿಗಳೂ ಸುಮಾರು ಎರಡು ವಾರ ಮುಚ್ಚುತ್ತವೆ, ಸಂಸಾರಗಳು ಬೇಟೆಯ ಬಿಡಾರಗಳಿಗೆ ಹೊರಡುತ್ತವೆ. ಇನ್ನು ಬೀವರಿನ ಗೂಡೆಣಿಸಲು ಎಳೆದ ಆ ಗೆರೆಗಳು: 2002ನೆಯ ಫೆಬ್ರವರಿ 7ರಂದು ಕ್ವಿಬೆಕ್ ಸರ್ಕಾರದೊಡನೆ ಆದ ಹೊಸ ಒಪ್ಪಂದದಂತೆ, ಮರ ಕಡಿಯುವ ಸಂಸ್ಥೆಗಳು ಎಲ್ಲೆಲ್ಲಿ ಎಷ್ಟೆಷ್ಟು ಕಡಿಯಬಹುದೆಂಬುದನ್ನು ಈ ಬೇಟೆಯ ನೆಲೆಗಳನ್ನೇ ಮಾನವಾಗಿಟ್ಟು ನಿರ್ಧರಿಸತಕ್ಕದ್ದೆಂದು ಗೊತ್ತುಮಾಡಲಾಗಿದೆ, ಕಡಿಯುವ ಮುನ್ನ ಆಯಾ ನೆಲೆಯ ಊಚಿಮಾವ್‌ನೊಡನೆ ಸಮಾಲೋಚನೆ ನಡೆಯುತ್ತದೆ.